ಉದರದ ಮೇದಸ್ಸೂ ಯೂರಿಕ್ ಆಮ್ಲವೂ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಸಾಹಿತ್ಯ ಸಂಗೀತಗಳ ಈ ವೇದಿಕೆಯಲ್ಲಿ ಹೊಟ್ಟೆಯ ಮಾತನ್ನೆತ್ತುವುದು ಉಚಿತವೇ ಎಂದು ಕೆಲವರಿಗೆ ಎನಿಸಬಹುದು. ಆದರೆ ರಕ್ತಪರೀಕ್ಷೆಯ ವರದಿ ನಮಗೆ ಇಂಗ್ಲಿಷಿನಲ್ಲಿ ಬರುತ್ತದೆ, ಅದರ ವಿವರಣೆ ಬಹುಮಟ್ಟಿಗೆ ಮರಾಠಿಯಲ್ಲಿ. ಕನ್ನಡದಲ್ಲಿ ಬಿಡಿಸಿ ಹೇಳುವವರು ವಿರಳ. ಅದಕ್ಕಾಗಿಯೇ ಈ ವಿಷಯವನ್ನು ಆಯ್ದುಕೊಂಡಿದ್ದೇವೆ.

ಜೀವಕೋಶಗಳಲ್ಲಿಯೂ ಆಹಾರದಲ್ಲಿಯೂ ಇರುವ ಪ್ಯೂರಿನ್ ಎಂಬ ದ್ರವ್ಯವು ಒಡೆದಾಗ ಉಳಿಯುವ ಕಸವೇ ಯೂರಿಕ್ ಆಮ್ಲ. ಬಹುತೇಕ ಸಸ್ತನಿಗಳಲ್ಲಿ ಯೂರಿಕೇಸ್ ಎಂಬ ಕಿಣ್ವವು ಅದನ್ನು ಸುಲಭವಾಗಿ ಕರಗುವ ವಸ್ತುವನ್ನಾಗಿ ಮಾರ್ಪಡಿಸುತ್ತದೆ. ಮಾನವನಿಗೆ ಆ ಭಾಗ್ಯವಿಲ್ಲ. ಮೂರರಲ್ಲಿ ಸುಮಾರು ಎರಡು ಪಾಲನ್ನು ಮೂತ್ರಪಿಂಡಗಳೂ ಉಳಿದುದನ್ನು ಕರುಳೂ ಹೊರಹಾಕಬೇಕು. ರಕ್ತದಲ್ಲಿ ಅದರ ಪ್ರಮಾಣವು ಡೆಸಿಲೀಟರಿಗೆ 6.8 ಮಿಲಿಗ್ರಾಂ ಮೀರಿದರೆ ಹರಳುಗಟ್ಟುವ ಸಂಭವ ಉಂಟು. ಹರಳು ಕಾಲಿನ ಹೆಬ್ಬೆರಳ ಬುಡದಲ್ಲಿ ಕುಳಿತರೆ ಹೊದಿಕೆಯ ಸ್ಪರ್ಶವನ್ನೂ ತಾಳಲಾಗದಂಥ ನೋವು. ಮೂತ್ರಪಿಂಡದಲ್ಲಿ ಕುಳಿತರೆ ಕಲ್ಲು. ಚರಕಸಂಹಿತೆಯು ಇಂಥ ವ್ಯಾಧಿಯನ್ನು ವಾತರಕ್ತವೆಂದು ವರ್ಣಿಸಿ, ಆಢ್ಯವಾತ ಎಂಬ ಇನ್ನೊಂದು ಹೆಸರನ್ನೂ ಹೇಳಿದೆ. ಆಢ್ಯನೆಂದರೆ ಸಿರಿವಂತ. ಹೊಟ್ಟೆ ಬಂದವನನ್ನು ‘ಸುಖವಾಗಿದ್ದಾನೆ’ ಎಂದು ಹೊಗಳುವ ನಮ್ಮವರು ಈ ಹೆಸರನ್ನು ಕೇಳಬೇಕು.

ಬೊಜ್ಜು ಎಷ್ಟಿದೆ ಎಂಬುದಕ್ಕಿಂತ ಎಲ್ಲಿದೆ ಎಂಬುದನ್ನು ನೋಡಬೇಕೆಂದು ಫ್ರಾನ್ಸಿನ ಮಾರ್ಸೇಯ ವೈದ್ಯ ಝಾಂ ವಾಗ್ 1947ರಲ್ಲಿ ತೋರಿಸಿಕೊಟ್ಟರು. ದೇಹದ ಮೇಲ್ಭಾಗದಲ್ಲಿ ಶೇಖರವಾಗುವ ಕೊಬ್ಬಿಗೂ ಮಧುಮೇಹ, ಗೌಟ್, ಯೂರಿಕ್ ಕಲ್ಲುಗಳಿಗೂ ನಂಟುಂಟೆಂದು 1956ರ ಲೇಖನದಲ್ಲಿ ಪ್ರತಿಪಾದಿಸಿದರು. ಕರುಳಿನ ಸುತ್ತ ಬೆಳೆದ ಮೇದಸ್ಸಿನಿಂದ ಮೇದಾಮ್ಲಗಳು ನೇರವಾಗಿ ಯಕೃತ್ತಿಗೆ ಹರಿಯುತ್ತವೆ. ಇನ್ಸುಲಿನ್ನಿನ ಆಜ್ಞೆ ಅಲ್ಲಿ ಮಂಕಾಗುತ್ತದೆ. ಆಗ ಮೇದೋಜೀರಕ ಗ್ರಂಥಿಯು ಹೆಚ್ಚು ಇನ್ಸುಲಿನ್ನನ್ನು ಸುರಿಸುತ್ತದೆ. ಈ ಹೆಚ್ಚಳವೇ ಮೂತ್ರಪಿಂಡವನ್ನು ಪ್ರೇರಿಸಿ, ಹೊರಹೋಗಬೇಕಾದ ಯೂರಿಕ್ ಆಮ್ಲವನ್ನು ಮರಳಿ ರಕ್ತಕ್ಕೆ ಸೆಳೆಯುತ್ತದೆ. ಅಷ್ಟೇ ಅಲ್ಲದೆ, ಇಂಥವರ ದೇಹದಲ್ಲಿ ಅದರ ಉತ್ಪಾದನೆಯೂ ಏರುವುದುಂಟು.

ತೂಕದ ಯಂತ್ರ ಇದನ್ನು ಹೇಳಲಾರದು. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರು ನಮ್ಮ ದೇಶದಲ್ಲಿ ಬಹಳ. ಉಸಿರು ಬಿಟ್ಟು ನಿಂತು, ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿಗೂ ನಡುವೆ ಪಟ್ಟಿ ಹಿಡಿಯಿರಿ: ಭಾರತೀಯ ಪುರುಷರಿಗೆ 90, ಸ್ತ್ರೀಯರಿಗೆ 80 ಸೆಂಟಿಮೀಟರು ಎಲ್ಲೆ.

ಬೇಳೆಯನ್ನು ಬಿಟ್ಟು ಹೊಟ್ಟೆಯನ್ನು ಉಳಿಸಿಕೊಂಡವರನ್ನು ನಾವು ಕಂಡಿದ್ದೇವೆ. ಅಮೆರಿಕದ 47 ಸಾವಿರ ಪುರುಷರನ್ನು 12 ವರ್ಷ ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗೌಟಿನ ಅಪಾಯವನ್ನು ಹೆಚ್ಚಿಸಿದ್ದು ಮಾಂಸ, ಮೀನು. ಪ್ಯೂರಿನ್ ಅಧಿಕವಿರುವ ತರಕಾರಿ ಕಾಳುಗಳಲ್ಲ. ಹಾಲಿನ ಪದಾರ್ಥ ಸೇವಿಸುವವರಲ್ಲಿ ಅಪಾಯ ಕಡಿಮೆಯೇ ಇತ್ತು. ಬಿಯರ್ ಕೆಟ್ಟದ್ದು, ಸಿಹಿ ಪಾನೀಯಗಳೂ ಹಾಗೆಯೇ, ಏಕೆಂದರೆ ಫ್ರಕ್ಟೋಸ್ ಯಕೃತ್ತಿನಲ್ಲಿ ಅರಗುವಾಗಲೇ ಯೂರಿಕ್ ಆಮ್ಲ ಹುಟ್ಟುತ್ತದೆ.

ಹಾಗೆಂದು ಹೊಟ್ಟೆ ಕರಗಿಸಲು ವಾರಗಟ್ಟಲೆ ಉಪವಾಸ ಹಿಡಿಯಬೇಡಿ. ಉಪವಾಸದಲ್ಲಿ ಹುಟ್ಟುವ ಕೀಟೋನುಗಳು ಯೂರಿಕ್ ಆಮ್ಲದ ವಿಸರ್ಜನೆಗೆ ಅಡ್ಡಬಂದು ನೋವನ್ನೇ ಕೆರಳಿಸಬಹುದು. ಇಳಿಕೆ ನಿಧಾನವಾಗಿರಲಿ. ರಕ್ತದೊತ್ತಡಕ್ಕೆ ಕೊಡುವ ಕೆಲವು ಮೂತ್ರವರ್ಧಕ ಗುಳಿಗೆಗಳೂ ಈ ಅಂಕಿಯನ್ನು ಏರಿಸುತ್ತವೆ. ಅವನ್ನು ತಾವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಿರಿ. ಅಂಕಿ ಹೆಚ್ಚಿದ್ದರೂ ನೋವಿಲ್ಲದವರಿಗೆಲ್ಲ ಔಷಧ ಬೇಕಾಗುವುದಿಲ್ಲ. ಅದನ್ನೂ ಅವರಲ್ಲೇ ಕೇಳಿರಿ.