ತ್ರಿಕೋನದ ಬಣ್ಣ ಹೇಳುವುದೆಷ್ಟು, ಹೇಳದಿರುವುದೆಷ್ಟು

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕೀಟನಾಶಕ, ಶಿಲೀಂಧ್ರನಾಶಕ, ಕಳೆನಾಶಕ ಹೀಗೆ ಹೆಸರು ಯಾವುದೇ ಇರಲಿ, ನೋಂದಾಯಿತ ಕೃಷಿವಿಷದ ಡಬ್ಬಿಯ ಮೇಲೆ ಮೂಲೆಯ ಮೇಲೆ ನಿಲ್ಲಿಸಿದಂತಿರುವ ಒಂದು ಚೌಕವಿರುತ್ತದೆ. ಅದನ್ನು ಎರಡು ತ್ರಿಕೋನಗಳಾಗಿ ವಿಂಗಡಿಸಲಾಗಿದೆ. ಕೆಳಗಿನ ತ್ರಿಕೋನದಲ್ಲಿ ಕೆಂಪು, ಹಳದಿ, ನೀಲಿ, ಹಸಿರು ಈ ನಾಲ್ಕರಲ್ಲಿ ಒಂದು ಬಣ್ಣ. ಮೇಲಿನದರಲ್ಲಿ ಎಚ್ಚರಿಕೆಯ ಮಾತು. ಕೆಂಪು ಎಂದರೆ ಘೋರ, ಹಸಿರು ಎಂದರೆ ನಿರಪಾಯ ಎಂದು ಜನ ಸಾಮಾನ್ಯವಾಗಿ ತಿಳಿಯುತ್ತಾರೆ. ಈ ತಿಳಿವಳಿಕೆ ಪೂರ್ತಿ ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಆ ಬಣ್ಣ ಯಾವ ಪ್ರಶ್ನೆಗೆ ಉತ್ತರ, ಯಾವ ಪ್ರಶ್ನೆಗಳಿಗೆ ಅದು ಮೌನ ಎಂಬುದನ್ನು ಅರಿಯುವುದೇ ಇಂದಿನ ವಿಷಯ.

ನಮ್ಮ ದೇಶದಲ್ಲಿ ಈ ವರ್ಗೀಕರಣಕ್ಕೆ ಆಧಾರ 1968ರ ಕೀಟನಾಶಕ ಕಾಯಿದೆ ಮತ್ತು 1971ರ ನಿಯಮಗಳು. ಪ್ರಯೋಗಾಲಯದಲ್ಲಿ ಇಲಿಗಳ ಗುಂಪಿಗೆ ವಿಷವನ್ನು ಒಮ್ಮೆ ಉಣಿಸಿ, ಅವುಗಳಲ್ಲಿ ಅರ್ಧದಷ್ಟು ಸಾಯಲು ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಎಷ್ಟು ಮಿಲಿಗ್ರಾಮ್ ಬೇಕಾಯಿತೆಂದು ಲೆಕ್ಕ ಹಾಕುತ್ತಾರೆ. 1927ರಲ್ಲಿ ಬ್ರಿಟನ್ನಿನ ಟ್ರೆವಾನ್ ರೂಪಿಸಿದ ಈ ಅಳತೆಗೆ ಎಲ್.ಡಿ. 50 ಎಂದು ಹೆಸರು. ಈ ಸಂಖ್ಯೆ ಚಿಕ್ಕದಾದಷ್ಟೂ ವಿಷ ತೀಕ್ಷ್ಣ. ಬಾಯಿಯ ಮೂಲಕ 1ರಿಂದ 50 ಮಿಲಿಗ್ರಾಮ್ ಆದರೆ ಕೆಂಪು, 51ರಿಂದ 500 ಆದರೆ ಹಳದಿ, 501ರಿಂದ 5000 ಆದರೆ ನೀಲಿ, ಅದಕ್ಕೂ ಮೇಲಾದರೆ ಹಸಿರು. ಚರ್ಮದ ಮೂಲಕ ತಗಲುವ ವಿಷಕ್ಕೆ ಬೇರೆಯೇ ಅಂಕೆಗಳಿವೆ. ವಿಶ್ವ ಆರೋಗ್ಯ ಸಂಸ್ಥೆಯೂ 1975ರಿಂದ ಇಂಥದೇ ಅಳತೆಯ ಆಧಾರದ ಮೇಲೆ ಕೃಷಿವಿಷಗಳನ್ನು ವರ್ಗೀಕರಿಸುತ್ತಾ ಬಂದಿದೆ.

ಈ ಅಳತೆಯ ಮಿತಿ ಎಲ್ಲಿದೆ ಎಂಬುದನ್ನು ತಿಳಿಯಲು ಮಲೆನಾಡು ಮತ್ತು ಕರಾವಳಿ ಬಲ್ಲ ಮೂರು ವಸ್ತುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ಒಂದು, ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಮೈಲುತುತ್ತು. ಎರಡು, ಪ್ಯಾರಾಕ್ವಾಟ್ ಎಂಬ ಕಳೆನಾಶಕ. ಮೂರು, ಎಂಡೋಸಲ್ಫಾನ್. ವಿಶ್ವ ಆರೋಗ್ಯ ಸಂಸ್ಥೆಯ 2009ರ ಪಟ್ಟಿಯಲ್ಲಿ ಇವುಗಳ ಅಂಕೆಗಳು ಅನುಕ್ರಮವಾಗಿ 300, 150 ಮತ್ತು 80. ಮೂರೂ ಎರಡನೆಯ ವರ್ಗಕ್ಕೆ, ಅಂದರೆ ‘ಮಧ್ಯಮ ಅಪಾಯಕಾರಿ’ ಎಂಬ ಒಂದೇ ಗುಂಪಿಗೆ ಸೇರಿದವು. ನಮ್ಮ ನಿಯಮದ ಅಂಕೆಗಳಿಗೆ ಹೋಲಿಸಿದರೂ ಮೂರೂ ಹಳದಿಯ ಮಿತಿಯೊಳಗೇ ಬೀಳುತ್ತವೆ. ಆದರೆ ಈ ಮೂರು ವಸ್ತುಗಳು ಮಾಡುವ ಹಾನಿ ಒಂದೇ ಬಗೆಯದೇ?

ಮೈಲುತುತ್ತನ್ನು ಮಲೆನಾಡಿನ ತೋಟಿಗರು ತಲೆಮಾರುಗಳಿಂದ ಬಲ್ಲರು. ನುಂಗಿದರೆ ತೀವ್ರ ವಾಂತಿಯಾಗುತ್ತದೆ. ಹೆಚ್ಚಾದರೆ ಯಕೃತ್ತು, ಮೂತ್ರಪಿಂಡಗಳಿಗೆ ಪೆಟ್ಟು ಬೀಳುತ್ತದೆ. ಕಣ್ಣಿಗೆ ಬಿದ್ದರೆ ಗಂಭೀರ ಗಾಯ. ಆದರೂ ದೇಹದಲ್ಲಿ ಸೇರಿದ ತಾಮ್ರವನ್ನು ಹಿಡಿದು ಹೊರಹಾಕುವ ಔಷಧಿಗಳು ವೈದ್ಯರ ಬಳಿ ಇವೆ. ಮೈಲುತುತ್ತಿನ ದೊಡ್ಡ ದೋಷ ಬೇರೆಡೆ ಇದೆ. ಅದು ಮೀನು ಮತ್ತು ಇತರ ಜಲಚರಗಳಿಗೆ ಅತಿ ವಿಷಕಾರಿ. ಸಿಂಪರಣೆಯ ಪೀಪಾಯಿಯನ್ನು ಹಳ್ಳದಲ್ಲಿ ತೊಳೆದರೆ ಅದರ ಫಲ ಕೆಳಗಿನ ಹೊಳೆಯಲ್ಲಿ ಕಾಣುತ್ತದೆ. ಇಲಿಯ ಲೆಕ್ಕದಲ್ಲಿ ಮೀನಿಗೆ ಸ್ಥಾನವಿಲ್ಲ.

ಪ್ಯಾರಾಕ್ವಾಟಿನ ಕಥೆ ಇನ್ನೂ ಕಠಿಣವಾದುದು. 1962ರಲ್ಲಿ ಮಾರುಕಟ್ಟೆಗೆ ಬಂದ ಈ ದ್ರಾವಣ ಹಸಿರನ್ನು ಕೆಲವೇ ಗಂಟೆಗಳಲ್ಲಿ ಬಾಡಿಸುತ್ತದೆ. ಮಣ್ಣಿನ ಜೇಡಿಕಣಗಳಿಗೆ ಬಿಗಿಯಾಗಿ ಅಂಟಿಕೊಳ್ಳುವುದರಿಂದ ಮಣ್ಣಿನಲ್ಲಿ ಅದರ ಚಟುವಟಿಕೆ ಬೇಗನೆ ನಿಲ್ಲುತ್ತದೆ. ಇದನ್ನೇ ಅದರ ಗುಣವೆಂದು ಹೇಳಿ ಮಾರಲಾಯಿತು. ಮನುಷ್ಯದೇಹದಲ್ಲಿ ಅದರ ವರ್ತನೆ ಹಾಗಲ್ಲ. ರಕ್ತಕ್ಕೆ ಸೇರಿದ ಪ್ಯಾರಾಕ್ವಾಟನ್ನು ಶ್ವಾಸಕೋಶದ ಜೀವಕೋಶಗಳು ತಾವಾಗಿಯೇ ಒಳಗೆಳೆದುಕೊಳ್ಳುತ್ತವೆ. ಅಲ್ಲಿ ಅದು ಉಸಿರಿನ ಆಮ್ಲಜನಕವನ್ನೇ ಬಳಸಿಕೊಂಡು ಅಂಗಾಂಶವನ್ನು ಸುಡುವಂಥ ಕಣಗಳನ್ನು ಮತ್ತೆ ಮತ್ತೆ ಹುಟ್ಟಿಸುತ್ತದೆ. ಆಮ್ಲಜನಕ ಕೊಟ್ಟಷ್ಟೂ ಹಾನಿ ಹೆಚ್ಚುವುದರಿಂದ ವೈದ್ಯರು ಅದನ್ನು ಕೊಡಲೂ ಹಿಂಜರಿಯಬೇಕಾಗುತ್ತದೆ. ಮೊದಲು ಬಾಯಿ, ಗಂಟಲು ಸುಡುತ್ತದೆ. ನಂತರ ಮೂತ್ರಪಿಂಡ ಸೋಲುತ್ತದೆ. ದಿನಗಳು ಅಥವಾ ವಾರಗಳು ಕಳೆಯುವಷ್ಟರಲ್ಲಿ ಶ್ವಾಸಕೋಶ ಗಟ್ಟಿಯಾಗುತ್ತದೆ. ಇದಕ್ಕೆ ಪ್ರತ್ಯೌಷಧವಿಲ್ಲ.

ಇಲ್ಲಿ ಒಂದು ಲೆಕ್ಕವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಕಿಲೋಗೆ 150 ಮಿಲಿಗ್ರಾಮ್ ಎಂಬ ಇಲಿಯ ಅಂಕೆಯನ್ನು 50 ಕಿಲೋ ತೂಕದ ಮನುಷ್ಯನಿಗೆ ಅನ್ವಯಿಸಿದರೆ ಏಳೂವರೆ ಗ್ರಾಮ್ ಆಗುತ್ತದೆ. ಶೇಕಡಾ 24ರ ದ್ರಾವಣದಲ್ಲಿ ಅದು ಸುಮಾರು 30 ಮಿಲಿಲೀಟರ್. ಆದರೆ ಆಸ್ಪತ್ರೆಗಳ ಅನುಭವದಲ್ಲಿ 10ರಿಂದ 15 ಮಿಲಿಲೀಟರ್, ಅಂದರೆ ಒಂದು ಗುಟುಕು, ಪ್ರಾಣ ತೆಗೆಯಲು ಸಾಕಾಗಿದೆ. ಇಲಿಯ ಸಂಖ್ಯೆ ಮನುಷ್ಯನಿಗೆ ಭರವಸೆಯ ಪತ್ರವಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ತನ್ನ ಪಟ್ಟಿಯಲ್ಲಿ ಈ ವಸ್ತುವಿನ ಮುಂದೆ, ದೇಹದೊಳಗೆ ಸೇರಿದರೆ ಗಂಭೀರ ಪರಿಣಾಮಗಳು ತಡವಾಗಿ ಕಾಣಿಸಿಕೊಳ್ಳುತ್ತವೆ ಎಂಬ ಟಿಪ್ಪಣಿಯನ್ನು ಪ್ರತ್ಯೇಕವಾಗಿ ಸೇರಿಸಬೇಕಾಯಿತು. 2007ರಲ್ಲಿ ಯುರೋಪಿನ ನ್ಯಾಯಾಲಯವೊಂದು ಅಲ್ಲಿ ಇದಕ್ಕೆ ದೊರೆತಿದ್ದ ಅನುಮತಿಯನ್ನು ರದ್ದುಪಡಿಸಿತು. 2011ರಲ್ಲಿ ನೆರೆಯ ಕೇರಳ ಇದನ್ನು ನಿಷೇಧಿಸಿತು. 2020ರಲ್ಲಿ ಥಾಯ್ಲೆಂಡ್ ಮತ್ತು ಬ್ರೆಜಿಲ್ ಕೂಡ ನಿಷೇಧ ಹೇರಿದವು.

ಮೂರನೆಯದಾದ ಎಂಡೋಸಲ್ಫಾನಿನ ಹಾನಿಯನ್ನು ಕಾಣಲು ಪ್ರಯೋಗಾಲಯಕ್ಕೆ ಹೋಗಬೇಕಾಗಿಲ್ಲ. ಕಾಸರಗೋಡಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಅದನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಲಾಯಿತು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಯಂಥ ಊರುಗಳೂ ಅಂಥ ಸಿಂಪರಣೆಯನ್ನು ಕಂಡವು. ಅಲ್ಲಿ ಯಾರೂ ಅದನ್ನು ಲೋಟದಲ್ಲಿ ಕುಡಿಯಲಿಲ್ಲ. ಗಾಳಿ, ಬಾವಿ, ತೊರೆಗಳ ಮೂಲಕ ಅದು ವರ್ಷವರ್ಷವೂ ಸ್ವಲ್ಪ ಸ್ವಲ್ಪವಾಗಿ ಮನೆಗಳನ್ನು ಹೊಕ್ಕಿತು. ಅಂಗವೈಕಲ್ಯ ಮತ್ತು ಬುದ್ಧಿಮಾಂದ್ಯದಿಂದ ಬಳಲುವ ಮಕ್ಕಳ ಸಂಕಟ ಲೋಕಕ್ಕೆ ತಿಳಿದ ನಂತರ, 2011ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ನಿಷೇಧಿಸಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದ ಅದನ್ನು ಜಗತ್ತಿನಿಂದ ತೊಲಗಿಸಬೇಕಾದ ವಸ್ತುಗಳ ಪಟ್ಟಿಗೆ ಸೇರಿಸಿತು. ಮೇ 13ರಂದು ಸರ್ವೋಚ್ಚ ನ್ಯಾಯಾಲಯ ದೇಶಾದ್ಯಂತ ತಡೆ ವಿಧಿಸಿತು. ಒಂದೇ ಸಲಕ್ಕೆ ಸಾಯುವ ಇಲಿಯನ್ನು ಎಣಿಸುವ ಅಳತೆಯಲ್ಲಿ ಇಪ್ಪತ್ತು ವರ್ಷ ಸೋಕುವ ವಿಷದ ಲೆಕ್ಕ ಸೇರಿರಲಿಲ್ಲ.

ಹಾಗಾದರೆ ಇದಕ್ಕಿಂತ ಉತ್ತಮವಾದ ವರ್ಗೀಕರಣ ಇಲ್ಲವೆ? ಇದೆ. ವಿಶ್ವಸಂಸ್ಥೆ 2003ರಲ್ಲಿ ಪ್ರಕಟಿಸಿದ ಜಾಗತಿಕ ಏಕರೂಪ ಪದ್ಧತಿಯು ಕೈಗಾರಿಕಾ ರಾಸಾಯನಿಕಗಳಿಗೂ ಕೃಷಿವಿಷಗಳಿಗೂ ಅನ್ವಯಿಸುತ್ತದೆ. ಅದು ಒಂದು ವಸ್ತುವಿಗೆ ಒಂದೇ ಬಣ್ಣ ಕೊಟ್ಟು ಮುಗಿಸುವುದಿಲ್ಲ. ಬೆಂಕಿ, ಸ್ಫೋಟದಂಥ ಭೌತಿಕ ಅಪಾಯ, ಆರೋಗ್ಯದ ಅಪಾಯ, ಪರಿಸರದ ಅಪಾಯ ಇವನ್ನು ಬೇರೆ ಬೇರೆಯಾಗಿ ತೂಗುತ್ತದೆ. ಈ ಪದ್ಧತಿಯಂತೆ ಯುರೋಪಿನಲ್ಲಿ ಪ್ಯಾರಾಕ್ವಾಟಿಗೆ ದೊರೆತ ವರ್ಗಗಳನ್ನು ನೋಡಿರಿ: ಉಸಿರಾಡಿದರೆ ಮಾರಕ, ನುಂಗಿದರೆ ವಿಷ, ಚರ್ಮಕ್ಕೆ ತಗಲಿದರೆ ವಿಷ, ಪದೇ ಪದೇ ಸೋಕಿದರೆ ಅಂಗಾಂಗಗಳಿಗೆ ಹಾನಿ, ಚರ್ಮ, ಕಣ್ಣು, ಶ್ವಾಸನಾಳಗಳಿಗೆ ಉರಿ, ಜಲಚರಗಳಿಗೆ ಅತಿ ವಿಷಕಾರಿ, ಅದೂ ದೀರ್ಘಕಾಲ. ಹಳದಿ ಎಂಬ ಒಂದು ಬಣ್ಣದೊಳಗೆ ಇಷ್ಟೆಲ್ಲ ಅಡಗಿತ್ತು.

ಅಪಾಯದ ವರ್ಗ ತಿಳಿದ ಮೇಲೂ ಅದು ಯಾರ ಮೈಗೆ ಎಷ್ಟು ತಗಲುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ. ಡಬ್ಬಿ ಕೊಳ್ಳುವವನು ತೋಟದ ಯಜಮಾನ. ಬೆನ್ನಿಗೆ ಕ್ಯಾನು ಹೊರುವವನು ಕೂಲಿಯಾಳು. ಗಾಯವಿಲ್ಲದ ಚರ್ಮ ಪ್ಯಾರಾಕ್ವಾಟನ್ನು ಅಷ್ಟಾಗಿ ಒಳಬಿಡುವುದಿಲ್ಲ, ಆದರೆ ಗಾಯವಾದ ಚರ್ಮ ಬಿಡುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಇಂಬಳ ಕಚ್ಚದ, ಮುಳ್ಳು ಗೀರದ ಕಾಲು ಯಾರಿಗಿದೆ? ಸೋರುವ ಕ್ಯಾನು, ಬರಿಗಾಲು, ತೇವವಾದ ಬಟ್ಟೆ ಇವು ಯಾವ ಪಟ್ಟಿಯಲ್ಲೂ ನಮೂದಾಗಿಲ್ಲ.

ಆದ್ದರಿಂದ ಡಬ್ಬಿಯನ್ನು ತೆರೆಯುವ ಮೊದಲು ಮೂರು ಪ್ರಶ್ನೆ ಕೇಳುವುದು ಪ್ರತಿ ಮನೆಯ ರೂಢಿಯಾಗಬೇಕು. ಇದು ಕೂಡಲೇ ಏನು ಮಾಡುತ್ತದೆ? ನಿಧಾನವಾಗಿ ಏನು ಮಾಡುತ್ತದೆ? ನೀರಿಗೆ ಸೇರಿದರೆ ಏನು ಮಾಡುತ್ತದೆ? ಡಬ್ಬಿಯ ಜೊತೆಗಿರುವ ಕರಪತ್ರದಲ್ಲಿ ವಿಷದ ಲಕ್ಷಣ, ಪ್ರಥಮ ಚಿಕಿತ್ಸೆ, ಪ್ರತ್ಯೌಷಧಗಳನ್ನು ತಿಳಿಸಬೇಕೆಂದು ನಿಯಮವೇ ಹೇಳುತ್ತದೆ. ಓದುಬಲ್ಲ ವಿದ್ಯಾರ್ಥಿಗಳು ಅದನ್ನು ಸಿಂಪಡಿಸುವವರಿಗೆ ಓದಿ ಹೇಳಲಿ. ಪ್ರತ್ಯೌಷಧವಿಲ್ಲ ಎಂದು ಕಂಡಲ್ಲಿ, ಆ ಡಬ್ಬಿ ಊರಿಗೆ ಬೇಕೇ ಎಂಬುದನ್ನು ಗ್ರಾಮಸಭೆಯಲ್ಲಿ ಚರ್ಚಿಸಲಿ. ಕತ್ತಿಯಿಂದ ಸವರಿದ ಕಳೆ ಮತ್ತೆ ಚಿಗುರಬಹುದು, ಗಟ್ಟಿಯಾದ ಶ್ವಾಸಕೋಶ ಚಿಗುರುವುದಿಲ್ಲ. ವಿಷವನ್ನು ತಂಪುಪಾನೀಯದ ಬಾಟಲಿಗಾಗಲಿ ಸಾರಾಯಿ ಶೀಶೆಗಾಗಲಿ ಎಂದೂ ಸುರಿದಿಡಬಾರದು; ಬೀಗವಿರುವ ಜಾಗದಲ್ಲಿ ಮೂಲ ಡಬ್ಬಿಯಲ್ಲೇ ಇಡಬೇಕು. ಅವಘಡವಾದರೆ ಗಂಟೆ ಕಾಯದೆ ರೋಗಿಯೊಂದಿಗೆ ಡಬ್ಬಿಯನ್ನೂ ಆಸ್ಪತ್ರೆಗೆ ಒಯ್ಯಬೇಕು.

ತ್ರಿಕೋನದ ಬಣ್ಣವನ್ನು ತಿರಸ್ಕರಿಸಬೇಕೆಂದು ಈ ಮಾತುಗಳ ಅರ್ಥವಲ್ಲ. ಅದು ಎಚ್ಚರಿಕೆಯ ಮೊದಲ ಅಕ್ಷರ. ಉಳಿದ ಅಕ್ಷರಗಳನ್ನು ಕಲಿಯುವ ಕೆಲಸ ಊರಿನದು.