ಒಂದು ಅಡಿಕೆ ಮರಕ್ಕೆ 16 ರೂಪಾಯಿ

ಕಾಣಿಯೂರು, ಬೆಳಂದೂರು, ಸವಣೂರು ಕಡೆಯ ಕೃಷಿಕರಿಗೆ ಗಾಳಿಮಳೆ ಏನು ಮಾಡುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಮೇ ತಿಂಗಳ ಒಂದು ಸಂಜೆ ಕಾಲು ಗಂಟೆ ಗಾಳಿ ಬೀಸಿದರೆ ಸಾಕು, ಫಲ ಕೊಡುತ್ತಿದ್ದ ಅಡಿಕೆ ಮರಗಳು ನಡು ಮುರಿದು ಮಲಗಿರುತ್ತವೆ. ಗ್ರಾಮ ಆಡಳಿತಾಧಿಕಾರಿ ಬಂದು ಫೋಟೋ ತೆಗೆಯುತ್ತಾರೆ, ಅರ್ಜಿ ಹೋಗುತ್ತದೆ. ಕೊನೆಗೆ ಖಾತೆಗೆ ಬೀಳುವ ಮೊತ್ತ ನೋಡಿದರೆ ಸಂಕಟವಾಗುತ್ತದೆ. ಆ ಮೊತ್ತ ಎಲ್ಲಿಂದ ಬರುತ್ತದೆ ಅಂತ ಇವತ್ತು ಬಿಡಿಸಿ ನೋಡುವ.

ಹಣ ರಾಜ್ಯ ವಿಪತ್ತು ಪರಿಹಾರ ನಿಧಿಯದ್ದು. ಅದರಲ್ಲಿ ಶೇ. 75 ಕೇಂದ್ರದ ಪಾಲು, ಶೇ. 25 ರಾಜ್ಯದ್ದು. ದರ ಗೊತ್ತುಮಾಡುವುದು ಕೇಂದ್ರ ಗೃಹ ಸಚಿವಾಲಯ. 2022ರಿಂದ 2026ರ ಮಾರ್ಚ್‌ವರೆಗಿನ ಅವಧಿಗೆ ಅದು ಇಟ್ಟ ದರ ಹೀಗಿತ್ತು: ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಅಡಿಕೆ, ತೆಂಗಿನಂಥ ಬಹುವಾರ್ಷಿಕ ಬೆಳೆಗೆ 22,500. ಎರಡು ಹೆಕ್ಟೇರಿಗೆ ಮಾತ್ರ. ಹಾನಿ ಶೇ. 33 ಆದರೂ ಆಗಿರಬೇಕು. 2025ರ ಮುಂಗಾರು ಹಾನಿಗೆ ರಾಜ್ಯ ಸರ್ಕಾರ ಹೆಕ್ಟೇರಿಗೆ ಮತ್ತೆ 8,500 ಸೇರಿಸಿತು. ಬಹುವಾರ್ಷಿಕ ಬೆಳೆಗೆ 31,000 ಆಯಿತು.

ಈಗ ಇದನ್ನು ತೋಟಕ್ಕೆ ಇಳಿಸುವ. 2.7 ಮೀಟರ್ ಅಂತರದಲ್ಲಿ ನೆಟ್ಟರೆ ಹೆಕ್ಟೇರಿಗೆ ಸುಮಾರು 1,370 ಅಡಿಕೆ ಮರ. 22,500ನ್ನು ಭಾಗಿಸಿ. ಮರವೊಂದಕ್ಕೆ 16 ರೂಪಾಯಿ ಚಿಲ್ಲರೆ. ರಾಜ್ಯ ಹೆಚ್ಚುವರಿಯಾಗಿ ಕೊಟ್ಟದ್ದು ಸೇರಿದರೂ 22, 23 ರೂಪಾಯಿ. ಒಂದು ಎಕರೆಯಲ್ಲಿ ಐನೂರೈವತ್ತು ಮರ ಇದ್ದರೆ, ಶೇ. 33 ಅಂದರೆ ನೂರೆಂಬತ್ತಕ್ಕೂ ಹೆಚ್ಚು ಮರ. ಐವತ್ತು ಮರ ಕಳೆದುಕೊಂಡವರು ಆ ಗೆರೆಯ ಹತ್ತಿರವೂ ಬರುವುದಿಲ್ಲ.

ಯಾಕೆ ಹೀಗೆ? ಸರ್ಕಾರದ ಕಡತದಲ್ಲಿ ಇದರ ಹೆಸರು ಇನ್‌ಪುಟ್ ಸಬ್ಸಿಡಿ. ಹೋದ ಬೆಳೆಯ ಬೆಲೆಯನ್ನು ಅದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮುಂದಿನ ಬಿತ್ತನೆಗೆ ಬೀಜ, ಗೊಬ್ಬರದ ನೆರವು ಅಷ್ಟೇ. ಜೋಳದ ಹೊಲಕ್ಕೆ ಅದರಲ್ಲಿ ಅರ್ಥವಿದೆ, ಮುಂದಿನ ಹಂಗಾಮಿಗೆ ಮತ್ತೆ ಬಿತ್ತಬಹುದು. ಅಡಿಕೆ ಸಸಿ ನೆಟ್ಟವರು ಫಸಲಿಗೆ ಐದಾರು ವರ್ಷ ಕಾಯಬೇಕು. ಆ ಐದಾರು ವರ್ಷದ ಆದಾಯ ಯಾವ ಕಾಲಂನಲ್ಲೂ ಇಲ್ಲ. ಬಹುವಾರ್ಷಿಕ ಬೆಳೆಗೆ ಮರದ ಲೆಕ್ಕದಲ್ಲಿ, ಮರದ ವಯಸ್ಸು ನೋಡಿ ಪರಿಹಾರ ಕೊಡಬೇಕು. ಕರಾವಳಿಯ ಶಾಸಕರು, ಸಂಸದರು ಪಕ್ಷ ನೋಡದೆ ಕೇಳಬೇಕಾದ ಬೇಡಿಕೆ ಇದು.

ಇನ್ನೊಂದು ತೊಡಕು ದಾಖಲೆಯದ್ದು. ಪರಿಹಾರ ಪಹಣಿ ನೋಡಿ ಬರುತ್ತದೆ. ನಮ್ಮಲ್ಲಿ ತಲೆಮಾರುಗಳಿಂದ ಕೃಷಿ ಮಾಡಿದ ಕುಮ್ಕಿ ಜಾಗ (ಪಟ್ಟಾ ಜಮೀನಿಗೆ ತಾಗಿದ ಸರ್ಕಾರಿ ಜಾಗ) ಎಷ್ಟೋ ಜನರ ಹೆಸರಲ್ಲಿಲ್ಲ. ಪಾಲಾಗದ ಜಂಟಿ ಖಾತೆಗಳೂ ಬೇಕಾದಷ್ಟಿವೆ. ಮರ ನಿಮ್ಮದು, ಬೆವರು ನಿಮ್ಮದು, ಪಹಣಿಯಲ್ಲಿ ಹೆಸರಿಲ್ಲದಿದ್ದರೆ ಖಾತೆಗೆ ಹಣವಿಲ್ಲ.

ಹವಾಮಾನ ಆಧಾರಿತ ಬೆಳೆ ವಿಮೆ ಈ ಪರಿಹಾರಕ್ಕಿಂತ ಬೇರೆಯೇ. ಅದರಲ್ಲಿ ನೀವು ಕಂತು ಕಟ್ಟಿರಬೇಕು, ಮಳೆ, ಉಷ್ಣಾಂಶದ ಅಳತೆ ನೋಡಿ ಹಣ ಬರುತ್ತದೆ. ಬಿದ್ದ ಮರವನ್ನು ಅಲ್ಲಿ ಯಾರೂ ಎಣಿಸುವುದಿಲ್ಲ. ಎರಡನ್ನೂ ಗೊಂದಲ ಮಾಡಿಕೊಳ್ಳಬೇಡಿ.

ಮಳೆಗಾಲಕ್ಕೆ ಮುಂಚೆ ಮೂರು ವಿಷಯ ನೋಡಿಕೊಳ್ಳಿ. ಫ್ರೂಟ್ಸ್ ತಂತ್ರಾಂಶದ ರೈತ ಗುರುತಿನ ಸಂಖ್ಯೆಗೆ (ಎಫ್‌ಐಡಿ) ನಿಮ್ಮ ಎಲ್ಲ ಸರ್ವೆ ನಂಬರ್ ಸೇರಿದೆಯಾ, ಬೆಳೆ ಸಮೀಕ್ಷೆಯಲ್ಲಿ ಅಡಿಕೆ ಅಂತಲೇ ದಾಖಲಾಗಿದೆಯಾ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ. ಮರ ಬಿದ್ದರೆ ಕಡಿದು ತೆಗೆಯುವ ಮೊದಲು ಫೋಟೋ ತೆಗೆದಿಡಿ, ಗ್ರಾಮ ಆಡಳಿತಾಧಿಕಾರಿಗೆ ಆವತ್ತೇ ತಿಳಿಸಿ, ಅರ್ಜಿಗೆ ಸ್ವೀಕೃತಿ ಕೇಳಿ ಪಡೆಯಿರಿ.