ಅಶ್ವತ್ಥಾಮನ ಕ್ರೋಧ



ಹುಟ್ಟಿನಿಂದಲೇ ದುಷ್ಟನಾದವನ ಕಥೆಯು ಮನಸ್ಸನ್ನು ಅಷ್ಟಾಗಿ ಕಲಕುವುದಿಲ್ಲ. ಸತ್ಪುರುಷನಾಗಿದ್ದವನು ತಿರಸ್ಕಾರಕ್ಕೂ ವಂಚನೆಗೂ ಗುರಿಯಾಗಿ ಕ್ರೂರಿಯಾಗುವ ಕಥೆಯೇ ಕಲಕತಕ್ಕದ್ದು. ಮಹಾಭಾರತದ ಅಶ್ವತ್ಥಾಮನು ಅಂಥವನು. ನಿದ್ರಿಸುತ್ತಿದ್ದವರನ್ನು ಕೊಂದ ಪಾತಕಿಯೆಂದು ಆತನನ್ನು ಎಲ್ಲರೂ ಬಲ್ಲರು. ಅದಕ್ಕೆ ಮೊದಲು ಎಂಥವನಾಗಿದ್ದನೆಂದು ನೆನೆಯುವವರು ವಿರಳ.

ದ್ರೋಣನ ಮನೆಯಲ್ಲಿ ಕಡುಬಡತನ. ಜತೆಯ ಹುಡುಗರು ಹಿಟ್ಟು ಕದಡಿದ ನೀರನ್ನು ಹಾಲೆಂದು ಕೊಡಲು, ಬಾಲಕನು ಅದನ್ನು ಕುಡಿದು ಆನಂದದಿಂದ ಕುಣಿದನಂತೆ. ಆ ಪರಿಹಾಸವನ್ನು ಸಹಿಸಲಾರದೆ ತಂದೆಯು ಬಾಲ್ಯಸಖನಾದ ದ್ರುಪದನಲ್ಲಿಗೆ ಹೋದನು. ಅರಸನಿಗೂ ದರಿದ್ರನಿಗೂ ಎಲ್ಲಿಯ ಸಖ್ಯವೆಂದು ದ್ರುಪದನು ತಿರಸ್ಕರಿಸಿದನು. ಮುಂದಿನ ಅನರ್ಥಪರಂಪರೆಯ ಬೀಜವು ಇದೇ. ದ್ರೋಣನು ಶಿಷ್ಯರಿಂದ ಅವನನ್ನು ಸೆರೆಹಿಡಿಸಿ ಅರ್ಧರಾಜ್ಯವನ್ನು ಕೊಂಡನು. ದ್ರುಪದನು ದ್ರೋಣಹಂತಕನಾದ ಮಗನಿಗಾಗಿ ಯಜ್ಞಮಾಡಿ ಧೃಷ್ಟದ್ಯುಮ್ನನನ್ನು ಪಡೆದನು.

ಯುದ್ಧದ 15ನೆಯ ದಿನ, ಮಗನು ಸತ್ತನೆಂಬ ಅರ್ಧಸತ್ಯವನ್ನು ಧರ್ಮರಾಯನ ಬಾಯಿಂದಲೇ ಕೇಳಿ ದ್ರೋಣನು ಶಸ್ತ್ರತ್ಯಾಗಮಾಡಿ ಯೋಗದಲ್ಲಿ ಕುಳಿತನು. ಧೃಷ್ಟದ್ಯುಮ್ನನು ಆತನ ಶಿರವನ್ನು ಕಡಿದನು. ಅಶ್ವತ್ಥಾಮನು ರೋಷದಿಂದ ನಾರಾಯಣಾಸ್ತ್ರವನ್ನೇ ಪ್ರಯೋಗಿಸಿದನು. ಆದರೂ, ಇದು ಗಮನಾರ್ಹವಾದುದು, ಎರಡು ದಿನಗಳ ತರುವಾಯ ಕರ್ಣಾರ್ಜುನರ ಕಾಳಗದ ನಡುವೆ ದುರ್ಯೋಧನನ ಕೈಹಿಡಿದು, ಇನ್ನಾದರೂ ಸಂಧಿಮಾಡಿಕೊಳ್ಳೆಂದು ಬೇಡಿದವನೂ ಈತನೇ! ಪಿತೃವಧೆಯೊಂದೇ ಆತನನ್ನು ರಾಕ್ಷಸನನ್ನಾಗಿ ಮಾಡಲಿಲ್ಲ. ಆ ಹಿತವಚನವು ವ್ಯರ್ಥವಾಯಿತು. ಬಳಿಕ ಭೀಮನು ಗದಾಯುದ್ಧದ ನಿಯಮವನ್ನು ಮೀರಿ ದುರ್ಯೋಧನನ ತೊಡೆಗಳನ್ನು ಮುರಿದನು. ಆಗ ಅಳಿದುಳಿದ ವಿವೇಕವೂ ಬೆಂದುಹೋಯಿತು.

ಆ ರಾತ್ರಿ ಆಲದ ಮರದಲ್ಲಿ ಗೂಗೆಯೊಂದು ಮಲಗಿದ್ದ ಕಾಗೆಗಳನ್ನು ಕೊಲ್ಲುವುದನ್ನು ಆತನು ಕಂಡನು. ಮಲಗಿದವರನ್ನು ಕೊಲ್ಲುವುದು ಅಧರ್ಮವೆಂದು ಸೋದರಮಾವನಾದ ಕೃಪನು ಹೇಳಿದ ಮಾತು ಕಿವಿಗೆ ಬೀಳಲಿಲ್ಲ. ಶಿಬಿರದ ಬಾಗಿಲಲ್ಲಿ ಶಿವನನ್ನು ಸ್ತುತಿಸಿ ತನ್ನ ದೇಹವನ್ನೇ ಅಗ್ನಿಗೆ ಆಹುತಿಯಾಗಿ ಒಪ್ಪಿಸಿದನು, ಶಿವನು ಖಡ್ಗವನ್ನಿತ್ತನು. ಭಕ್ತರಾದವರಿಗೆ ಇದು ನುಂಗಲಾರದ ಪ್ರಸಂಗ. ಪಾಂಚಾಲರ ಕಾಲವು ತೀರಿತ್ತೆಂದು ವ್ಯಾಸರು ಶಿವನಿಂದಲೇ ಹೇಳಿಸುತ್ತಾರೆ. ಅದಿರಲಿ, ಅಷ್ಟು ಉತ್ಕಟವಾದ ಆತ್ಮಾರ್ಪಣದಲ್ಲಿಯೂ ಆತನು ಬೇಡಿದ್ದು ವೈರಿಯ ಪ್ರಾಣವನ್ನಲ್ಲದೆ ತನ್ನ ಉರಿಯ ಶಮನವನ್ನಲ್ಲ. ಶಸ್ತ್ರದಿಂದಾದರೂ ಕೊಲ್ಲೆಂದು ಅಂಗಲಾಚಿದ ಧೃಷ್ಟದ್ಯುಮ್ನನನ್ನು ಒದ್ದೊದ್ದು ಕೊಂದನು. ದ್ರೌಪದಿಯ ಐವರು ಮಕ್ಕಳೂ ಅಲ್ಲಿಯೇ ಹತರಾದರು. ದ್ರೋಣನ ವಧೆಯಲ್ಲಿ ಆ ಐವರ ಅಪರಾಧವೇನಿತ್ತು?

1929ರಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಗ್ರೀಕ್ ಕವಿ ಸಾಫೊಕ್ಲೀಸನ 'ಏಜಾಕ್ಸ್' ನಾಟಕವನ್ನನುಸರಿಸಿ 'ಅಶ್ವತ್ಥಾಮನ್' ಎಂಬ ರುದ್ರನಾಟಕವನ್ನು ರಚಿಸಿದುದು ಯುಕ್ತವೇ ಆಗಿದೆ. ಅಕಿಲೀಸನ ಆಯುಧಗಳು ತನಗೆ ದೊರೆಯಲಿಲ್ಲವೆಂಬ ಅಪಮಾನದಿಂದ ಏಜಾಕ್ಸನು ಸ್ವಪಕ್ಷದ ನಾಯಕರನ್ನೇ ಕೊಲ್ಲಹೊರಟು, ದೇವಿಯಿತ್ತ ಭ್ರಾಂತಿಯಿಂದ ಪಶುಗಳನ್ನು ಕಡಿದನು. ಎಚ್ಚತ್ತಾಗ ಆತನಿಗೆ ನಾಚಿಕೆಯಾದರೂ ಉಂಟಾಯಿತು. ವ್ಯಾಸರ ಅಶ್ವತ್ಥಾಮನು ಗರ್ಭಸ್ಥಶಿಶುವಿನ ಮೇಲೂ ಅಸ್ತ್ರವನ್ನು ತಿರುಗಿಸಿದನು.

ಭಾಗವತದ ಪ್ರಕಾರ ಅರ್ಜುನನು ಆತನನ್ನು ಕಟ್ಟಿತಂದು ದ್ರೌಪದಿಯ ಮುಂದೆ ನಿಲ್ಲಿಸಿದನು. ಐವರು ಮಕ್ಕಳನ್ನು ಕಳೆದುಕೊಂಡಿದ್ದ ಆ ತಾಯಿಯು, ಈತನ ತಾಯಿ ಕೃಪಿಯೂ ತನ್ನಂತೆ ಅಳುವುದು ಬೇಡವೆಂದು, ಕಟ್ಟುಗಳನ್ನು ಬಿಚ್ಚಿರೆಂದಳು.